ಕಾರಿನಿಂದ ಕೊಳೆತ ತತ್ತಿ ವಾಸನೆ: ಕ್ಯಾಟ್‌ಕಾನ್ ಬಿಚ್ಚುವ ಮೊದಲು ನಾನು ನೋಡುವುದು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಪೆಟ್ರೋಲ್ ಕಾರುಗಳೇ ಜಾಸ್ತಿ. ಸೈಲೆನ್ಸರ್‌ನಿಂದ ಕೊಳೆತ ತತ್ತಿ ವಾಸನೆ ಬಂದರೆ ಸಾಕು, ಕ್ಯಾಟ್‌ಕಾನ್ (ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹೋಯ್ತು ಅಂತ ಯಾರೋ ಹೇಳಿ ಹೆದರಿಸಿರುತ್ತಾರೆ. ವಾಸನೆ ಹೊರಗೆ ಬರುವುದು ಅಲ್ಲಿಂದ ನಿಜ, ಆದರೆ ತೊಂದರೆ ಇರುವುದು ಬಹಳ ಸಲ ಎಂಜಿನ್ ಕಡೆಗೆ.

ಪೆಟ್ರೋಲ್‌ನಲ್ಲಿ ಸ್ವಲ್ಪ ಗಂಧಕ ಇದ್ದೇ ಇರುತ್ತದೆ. ಬಿಎಸ್4 ಅನ್ನುವ ಹಿಂದಿನ ಹೊಗೆ ನಿಯಮದ ಕಾಲದಲ್ಲಿ 50 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 50) ತನಕ ಬಿಡುತ್ತಿದ್ದರು, 2020ರ ಏಪ್ರಿಲ್‌ನಿಂದ 10 ಪಿಪಿಎಂ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಕ್ಯಾಟ್‌ಕಾನ್ ಒಳಗಿನ ಸೀರಿಯಂ ಲೇಪ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಆಯ್ತೋ, ಕೂಡಿಟ್ಟದ್ದೆಲ್ಲ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬೀಳುತ್ತದೆ. ನಮ್ಮ ಮೂಗಿಗೆ ಅದು ಒಂದು ಪಿಪಿಎಂ ಕೂಡ ಬೇಕಿಲ್ಲ. ಘಾಟಿಯಲ್ಲಿ ಜೋರಾಗಿ ಎಕ್ಸಲರೇಟರ್ ತುಳಿದಾಗ ಒಂದು ಕ್ಷಣ ವಾಸನೆ ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಸಿಗ್ನಲ್‌ನಲ್ಲಿ ನಿಂತಾಗಲೂ ಬರುತ್ತಿದ್ದರೆ ನೋಡಬೇಕು.

ಮೊದಲು ವಾಸನೆ ಎಲ್ಲಿಂದ ಅಂತ ನೋಡುತ್ತೇನೆ. ಬಾನೆಟ್ ಎತ್ತಿದಾಗಲೇ ಜಾಸ್ತಿ ಹೊಡೆದರೆ ಸೈಲೆನ್ಸರ್ ಬಿಟ್ಟು ಬ್ಯಾಟರಿಗೆ ಮೀಟರ್ ಇಡುತ್ತೇನೆ. ಎಂಜಿನ್ ಓಡುವಾಗ 14ರ ಆಸುಪಾಸು ವೋಲ್ಟ್ ಇರಬೇಕು. 15 ದಾಟಿತ್ತೆಂದರೆ ಆಲ್ಟರ್ನೇಟರ್ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ ಅಂತ ಅರ್ಥ, ಅದರ ವಾಸನೆಯೂ ಇದೇ ಥರ. ನಮ್ಮ ಬೇಸಿಗೆಯಲ್ಲಂತೂ ಬ್ಯಾಟರಿ ಬೇಗ ಸಾಯುತ್ತದೆ. ಸುಟ್ಟ ವಾಸನೆಯಾದರೆ ಕೆಳಗೆ ಬಗ್ಗಿ ನೋಡಿ, ರೋಡಿನ ಕ್ಯಾರಿ ಬ್ಯಾಗ್ ಬಿಸಿ ಪೈಪಿಗೆ ಅಂಟಿ ಕರಗುತ್ತಿರಬಹುದು. ಹಸಿ ಪೆಟ್ರೋಲ್ ವಾಸನೆ ಬಂದರೆ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಆ ಗಾಡಿ ಹಾಗೇ ಓಡಿಸಬೇಡಿ, ಉರಿಯದ ಪೆಟ್ರೋಲ್ ಕ್ಯಾಟ್‌ಕಾನ್ ಒಳಗೆ ಹೋಗಿ ಉರಿದರೆ ಅದು ಕೆಂಪಗೆ ಕಾದು ಒಳಗಿನ ಜೇನುಗೂಡಿನಂಥ ಜಾಲರಿಯೇ ಕರಗುತ್ತದೆ.

ಸಂಡೂರಿನಿಂದ ಒಬ್ಬರು ಬಂದಿದ್ದರು. "ಅಣ್ಣಾ, ಹಿಂದ ಕುಂತ ಹುಡುಗ್ರು ಮೂಗು ಮುಚ್ಕೊಂತಾರ, ಎಲ್ಲೋ ಕೇಳಿದ್ರ ಕ್ಯಾಟ್‌ಕಾನ್ ಹಾಕ್ಸು ಅಂದ್ರು." ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಹತ್ತಿತ್ತು. ಸ್ಕ್ಯಾನರ್ ಹಾಕಿದೆ, ಪಿ0172, ಅಂದರೆ ಪೆಟ್ರೋಲ್ ಜಾಸ್ತಿ. ಕೋಡ್ ನೋಡಿ ನಿಲ್ಲಿಸಬಾರದು, ಫ್ಯೂಯಲ್ ಟ್ರಿಮ್ ನೋಡಬೇಕು, ಅಂದರೆ ಎಂಜಿನ್ ಕಂಪ್ಯೂಟರ್ (ಇಸಿಎಂ) ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ವಾಸನೆ ಇದ್ದು ಟ್ರಿಮ್ ಪ್ಲಸ್‌ನಲ್ಲಿದ್ದರೆ ಇಸಿಎಂ ತಾನೇ ಪೆಟ್ರೋಲ್ ಸುರಿಯುತ್ತಿದೆ, ಆಗ ಕ್ಯಾಟ್‌ಕಾನ್‌ಗೆ ಮುಂಚೆ ಇರುವ, ಹೊಗೆಯಲ್ಲಿನ ಆಮ್ಲಜನಕ ನೋಡುವ ಮುಂದಿನ ಆಕ್ಸಿಜನ್ ಸೆನ್ಸರ್ ಮೇಲೆ, ಇಲ್ಲವೇ ಸೆನ್ಸರ್‌ಗಿಂತ ಮೊದಲು ಎಕ್ಸಾಸ್ಟ್ ಲೀಕ್ ಇದೆಯಾ ಅಂತ ನನಗೆ ಅನುಮಾನ. ಮೈನಸ್ ಇದ್ದರೆ ಅದು ಕಡಿಮೆ ಮಾಡುತ್ತಲೇ ಇದೆ, ಆದರೂ ಎಲ್ಲಿಂದಲೋ ಪೆಟ್ರೋಲ್ ಬರುತ್ತಿದೆ. ಇವರದ್ದು ಐಡಲ್‌ನಲ್ಲಿ ಮೈನಸ್ 20 ಪರ್ಸೆಂಟ್‌ಗೂ ಕೆಳಗೆ, ರೇಸ್ ಮಾಡಿದರೆ ಸರಿಹೋಗುತ್ತಿತ್ತು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುವ ಲಕ್ಷಣ ಅದು.

ಪ್ಲಗ್ ಬಿಚ್ಚಿದೆ. ಮೂರು ಬೂದು-ಕಂದು, ಒಂದಕ್ಕೆ ಮಾತ್ರ ಒಣ ಕಪ್ಪು ಮಸಿ, ಉಜ್ಜಿದರೆ ಬೆರಳಿಗೆ ಹತ್ತುತ್ತಿತ್ತು. ಎಂಜಿನ್ ಆರಿದ ಮೇಲೆ ಇಗ್ನಿಷನ್, ಇಂಜೆಕ್ಟರ್ ಎರಡರ ಕನೆಕ್ಟರ್ ಕಿತ್ತು, ಇಂಜೆಕ್ಟರ್‌ಗಳು ಜಾರದಂತೆ ಕಟ್ಟಿ ರೈಲ್ (ಅವಕ್ಕೆ ಪೆಟ್ರೋಲ್ ತರುವ ಕೊಳವೆ) ಸಮೇತ ಮೇಲೆತ್ತಿ, ಕೆಳಗೆ ಬಿಳಿ ಕಾಗದ ಹಾಸಿ, ಕೀ ಆನ್ ಮಾಡಿ ಪಂಪಿನ ಪ್ರೆಶರ್ ಬರುವಂತೆ ಮಾಡಿದೆ. ಅದೇ ಸಿಲಿಂಡರಿನ ಇಂಜೆಕ್ಟರ್ ಮೂತಿಯಲ್ಲಿ ಹನಿ ದಪ್ಪವಾಗಿ ಕಾಗದದ ಮೇಲೆ ಬಿತ್ತು. ಉಳಿದವು ಒಣ. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಪಕ್ಕದಲ್ಲಿ ಬೀಡಿ ಹಚ್ಚಿದವರಿದ್ದರಂತೂ ಬೇಡವೇ ಬೇಡ.) ಆ ಇಂಜೆಕ್ಟರ್, ಪ್ಲಗ್, ಜೊತೆಗೆ ಪೆಟ್ರೋಲ್ ಇಳಿದು ತೆಳ್ಳಗಾಗಿದ್ದ ಎಂಜಿನ್ ಆಯಿಲ್ ಬದಲಾಯಿಸಿದೆ. ಹೊಸಪೇಟೆ ರೋಡಲ್ಲಿ ಸ್ವಲ್ಪ ಜೋರಾಗಿ ಓಡಿಸಿ ತಂದ ಮೇಲೆ ವಾಸನೆ ಇರಲಿಲ್ಲ, ಕ್ಯಾಟ್‌ಕಾನ್ ಹಳೆಯದೇ.

ನಮ್ಮ ಕಡೆ ಮೈನ್ಸ್ ಧೂಳಿಗೆ ಏರ್ ಫಿಲ್ಟರ್ ಕೆಂಪಾಗಿರುತ್ತದೆ, ಅದಕ್ಕೇ ವಾಸನೆ ಅಂತ ಬಹಳ ಮಂದಿ ಹೇಳುತ್ತಾರೆ. ಕಾರ್ಬುರೇಟರ್ ಗಾಡಿಯಲ್ಲಿ ಸರಿ. ಇಂಜೆಕ್ಷನ್ ಗಾಡಿಯಲ್ಲಿ ಬರುವ ಗಾಳಿಯನ್ನು ಅಳೆದೇ ಪೆಟ್ರೋಲ್ ಬಿಡುವುದರಿಂದ ಪಿಕಪ್ ಹೋಗುತ್ತದೆಯೇ ಹೊರತು ವಾಸನೆಗೆ ಅದು ಅಪರೂಪದ ಕಾರಣ. ನಾನು ಜಾಸ್ತಿ ಕೇಳುವುದು ಪೆಟ್ರೋಲ್ ಬಂಕ್ ಬಗ್ಗೆ. ಪಂಪ್ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಕುತ್ತಿಗೆ ತನಕ ತುಂಬಿಸಿಕೊಳ್ಳುವವರು ಇದ್ದಾರಲ್ವಾ, ಆ ಪೆಟ್ರೋಲ್, ಟ್ಯಾಂಕಿನ ಆವಿ ಹಿಡಿಯುವ ಇದ್ದಿಲು ಡಬ್ಬಿಗೆ ನುಗ್ಗಿ, ಅಲ್ಲಿಂದ ಪರ್ಜ್ ವಾಲ್ವ್ ಮೂಲಕ ಎಂಜಿನ್‌ಗೆ ಹೋಗುತ್ತದೆ. ಅಲ್ಲೂ ಟ್ರಿಮ್ ಮೈನಸ್ಸೇ.

ಇಷ್ಟೆಲ್ಲ ಸರಿ ಇದ್ದು ಪಿ0420 (ಕ್ಯಾಟ್‌ಕಾನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್) ಬಂದು, ಕ್ಯಾಟ್‌ಕಾನ್ ಹಿಂದಿನ ಆಕ್ಸಿಜನ್ ಸೆನ್ಸರ್ ಕೂಡ ಮುಂದಿನದರ ಹಾಗೆಯೇ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಆಗ ಕ್ಯಾಟ್‌ಕಾನ್ ಬದಲಾಯಿಸಲೇಬೇಕು. ಹಳೆಯದನ್ನು ನೀವೇ ಕೇಳಿ ತಗೊಳ್ಳಿ, ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯವರು ಒಳ್ಳೆ ದುಡ್ಡು ಕೊಡುತ್ತಾರೆ. ಕೆಲವರು ಖರ್ಚು ಬೇಡ ಅಂತ ಅದನ್ನು ಕತ್ತರಿಸಿ ಬರೀ ಪೈಪ್ ವೆಲ್ಡಿಂಗ್ ಮಾಡಿಕೊಡಿ ಅನ್ನುತ್ತಾರೆ. ನಾನು ಮಾಡುವುದಿಲ್ಲ. ಎಂಜಿನ್ ಲೈಟ್ ಆರುವುದಿಲ್ಲ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಕುಡಿಯುತ್ತಿರುತ್ತದೆ.