ಗುಹೆಯ ಒಳಗಿದ್ದವನ ಪರವಾಗಿ

ನಾನು ವಾಲಿಯ ಅಭಿಮಾನಿಯಾದದ್ದು ಕ್ಯಾಸೆಟ್ಟಿನಿಂದ. ಅಪ್ಪನ ಹತ್ತಿರ ಬಿಸ್ಕೆಟ್ ಡಬ್ಬಿಯ ತುಂಬ ತಾಳಮದ್ದಳೆಯ ಕ್ಯಾಸೆಟ್ಟುಗಳಿದ್ದವು. ಅದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳಿದ ಒಂದು ಕ್ಯಾಸೆಟ್ಟು ಎಷ್ಟು ಸಲ ಓಡಿತ್ತು ಅಂದರೆ, ಟೇಪು ಅಲ್ಲಲ್ಲಿ ಸುಕ್ಕಾಗಿ, ರಾಮನ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ವಾಲಿಯ ದನಿಗೆ ಏನೂ ಆಗಿರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಅಷ್ಟು ಸಾಕಾಯಿತು. ವಾಲಿ ಸರಿ, ಮರೆಯಲ್ಲಿ ನಿಂತು ಬಾಣ ಬಿಟ್ಟವನದೇ ತಪ್ಪು.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ಯಕ್ಷಗಾನದ ಪ್ರಸಂಗವನ್ನೇ ಇಟ್ಟುಕೊಂಡು, ವೇಷ ಇಲ್ಲದೆ, ಕುಣಿತ ಇಲ್ಲದೆ, ಕೂತು ಮಾತಾಡುವುದು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಆ ಪಾತ್ರವಾಗಿ ಅದರ ಅರ್ಥ ಹೇಳುತ್ತಾನೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಬೇಕು. ಇದಿರು ಕೂತವ ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಆದರೆ ಕಥೆ ಬದಲಿಸಲಿಕ್ಕಿಲ್ಲ. ವಾದದಲ್ಲಿ ವಾಲಿ ಎಷ್ಟು ಗೆದ್ದರೂ ಕೊನೆಗೆ ಸಾಯಲೇಬೇಕು. ನಮ್ಮ ಕರಾವಳಿಯಲ್ಲಿ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದಲ್ಲಿ ಇಂಥ ಕೂಟಗಳು ಜಾಸ್ತಿ. ನಮ್ಮೂರ ಸಂಘದ್ದೂ ಹಾಗೆಯೇ. ಯಾರದಾದರೂ ಮನೆಯ ಚಾವಡಿ, ಒಂದು ಮೈಕು, ಕೊನೆಗೆ ಅವಲಕ್ಕಿ, ಚಾ.

ನನಗೆ ಮೊದಲ ಸಲ ವಾಲಿ ಸಿಕ್ಕಿದಾಗ ನನ್ನ ವಯಸ್ಸು ಮೂವತ್ತೆರಡು. ಅಷ್ಟು ದಿನ ಕಟ್ಟಿಕೊಂಡ ಮಾತನ್ನೆಲ್ಲ ಒಂದೇ ರಾತ್ರಿ ಸುರಿದುಬಿಟ್ಟೆ. ಸಾಮಾನು ವಾಲ್ಮೀಕಿಯಲ್ಲೇ ಬೇಕಾದಷ್ಟು ಉಂಟು. ಕಿಷ್ಕಿಂಧಾ ಕಾಂಡದ 17ನೇ ಸರ್ಗ ಪೂರ್ತಿ ವಾಲಿಯ ಪ್ರಶ್ನೆಗಳು. ನಾನು ಇನ್ನೊಬ್ಬನ ಜೊತೆ ಕಾದಾಡುತ್ತಿದ್ದಾಗ ಯಾಕೆ ಹೊಡೆದೆ? ನಿನ್ನ ಊರಿಗೆ, ನಿನ್ನ ಜನಕ್ಕೆ ನಾನೇನು ಮಾಡಿದ್ದೆ? ನನ್ನ ಚರ್ಮ ಉಡಲಿಕ್ಕಾಗದು, ಮಾಂಸ ತಿನ್ನಲಿಕ್ಕಾಗದು. ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದದ್ದು ಎರಡು ಬಗೆಯ ಮುಳ್ಳುಹಂದಿ, ಉಡ, ಮೊಲ, ಆಮೆ ಅಂತ ಐದೇ ಐದು, ಅದರಲ್ಲಿ ಕಪಿ ಇಲ್ಲ. ಇದನ್ನು ಹೇಳುವಾಗ ಜನ ನಕ್ಕರು. ನನಗೆ ಇನ್ನಷ್ಟು ಉಮೇದು ಬಂತು. ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದು ಒಪ್ಪಿಸುತ್ತಿದ್ದೆ, ರಾವಣನ ಕುತ್ತಿಗೆಗೆ ಹಗ್ಗ ಹಾಕಿ ಎಳೆದು ತರುತ್ತಿದ್ದೆ ಅಂದೆ. ಚಪ್ಪಾಳೆ ಬಿತ್ತು.

ಇದಿರು ರಾಮನಾಗಿ ಕೂತವರು ನಮ್ಮ ಹಳೆ ಶಾಲೆಯ ಮಾಷ್ಟ್ರು. ಅವರು ಎರಡು ಉತ್ತರ ಕೊಟ್ಟರು, ಎರಡೂ 18ನೇ ಸರ್ಗದ್ದೇ. ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದು ದಂಡನೆ. ಮತ್ತೆ, ನೀನು ಮೃಗ, ರಾಜರು ಮರೆಯಲ್ಲಿ ನಿಂತು ಮೃಗವನ್ನು ಬೇಟೆಯಾಡುವುದುಂಟು. ನಾನು ಕಾದಿದ್ದದ್ದೇ ಅದಕ್ಕೆ. "ಎರಡರಲ್ಲಿ ಒಂದು ಹೇಳು ರಾಘವ! ಮೃಗವಾದರೆ ನನಗೆ ಯಾವ ಧರ್ಮ, ಯಾವ ದಂಡನೆ? ರಾಜನಾದರೆ ಮರೆಯಲ್ಲಿ ಯಾಕೆ ನಿಂತೆ?"

ಮಾಷ್ಟ್ರು ಸ್ವಲ್ಪವೂ ಅವಸರ ಮಾಡಲಿಲ್ಲ. "ಎರಡೂ ಆದವ ನೀನೇ ಅಲ್ಲವೇ ವಾಲಿ? ಚರ್ಮ, ಮಾಂಸ, ಉಗುರು ಅಂತ ಮೃಗದ ಲೆಕ್ಕ ತೆಗೆದವ ನೀನು. ನಿನ್ನ ಊರಿಗೆ ನಾನೇನು ಮಾಡಿದೆ ಅಂತ ರಾಜನ ಲೆಕ್ಕ ತೆಗೆದವನೂ ನೀನು. ನಾನು ಎರಡಕ್ಕೂ ಉತ್ತರ ಕೊಟ್ಟೆ, ಅಷ್ಟೆ."

ನನಗೆ ಮಾತು ಹೊರಡಲಿಲ್ಲ. ಪುಣ್ಯಕ್ಕೆ ಭಾಗವತರು ಮುಂದಿನ ಪದ್ಯ ಎತ್ತಿದರು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಆ ಮನೆಯ ಅಕ್ಕ ಅವಲಕ್ಕಿ ಬಡಿಸುತ್ತಾ ನನ್ನ ಹತ್ತಿರ ಬಂದು ಕೇಳಿದರು. "ಚೆಂದ ಮಾತಾಡಿದೆ ತಮ್ಮಾ. ಆದ್ರೆ ರುಮೆಯ ಸುದ್ದಿಯೇ ಎತ್ತಲಿಲ್ಲ ಅಲ್ವಾ ನೀನು? ರಾಮ ಹೇಳಿದ್ದು ಕೇಳಿಸದ ಹಾಗೆ ದಾಟಿಬಿಟ್ಟೆ."

ಹೌದು, ದಾಟಿಬಿಟ್ಟಿದ್ದೆ, ಗೊತ್ತಿದ್ದೇ. ಸುಗ್ರೀವನ ಹೆಂಡತಿ ರುಮೆಯ ಹೆಸರು ಬಂದರೆ ನನ್ನ ವಾಲಿಗೆ ಮಸಿ ಹತ್ತುತ್ತದೆ. ಅಭಿಮಾನಿಗಳು ಮಾಡುವುದೇ ಇದು. ಕರ್ಣನ ಅಭಿಮಾನಿಗಳನ್ನು ನೋಡಿ. ಪಂಪ 941ರಲ್ಲಿ ಬರೆದ ಕಾವ್ಯಕ್ಕೆ ನಾಯಕ ಅರ್ಜುನ, ಆದರೂ ಕರ್ಣನನ್ನು ನೆನೆಯಿರಿ ಅಂದವನು ಅದೇ ಪಂಪ. ಅಲ್ಲಿಂದ ಇಲ್ಲಿಯವರೆಗೆ ನಾವು ಕರ್ಣನಿಗಾಗಿ ಅಳುತ್ತಲೇ ಇದ್ದೇವೆ. ಅದೇ ಕರ್ಣ ತುಂಬಿದ ಸಭೆಯಲ್ಲಿ ದ್ರೌಪದಿಗೆ ಏನೆಂದ ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ಹೋಗುತ್ತದೆ. ನಮ್ಮವನನ್ನು ತೊಳೆದು ಒರೆಸಿ ಇಡುತ್ತೇವೆ. ಅವನ ಪಕ್ಕದಲ್ಲಿ ಕೂರುವುದು ಬೇರೆ, ಅವನಿಗೆ ವಕೀಲನಾಗುವುದು ಬೇರೆ. ನಾನು ಆ ರಾತ್ರಿ ವಕೀಲನಾಗಿದ್ದೆ, ಅದೂ ಅಷ್ಟೇನೂ ಒಳ್ಳೆಯ ವಕೀಲನಲ್ಲ.

ಮುಂದಿನ ವರ್ಷದ ಕೂಟಕ್ಕೆ ಮಾಷ್ಟ್ರು ನನ್ನನ್ನು ಕೇಳದೆಯೇ ಪಾತ್ರ ಹಂಚಿದರು. "ನೀನು ಸುಗ್ರೀವ ಮಾರಾಯ." ನನಗೆ ಸಿಟ್ಟು ಬಂತು. ಸುಗ್ರೀವ ಅಂದರೆ ಓಡಿ ಹೋಗುವವ, ಅಳುವವ. ವಾಲಿಯ ಅಭಿಮಾನಿಗೆ ಅವನಂಥ ಶಿಕ್ಷೆ ಇನ್ನೊಂದಿಲ್ಲ.

ಆದರೆ ತಯಾರಿಗೆ ಅಂತ ಕೂತು 9 ಮತ್ತು 10ನೇ ಸರ್ಗ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ಸಲ ಓದಿದ್ದರೂ ಗಮನಿಸಿರಲಿಲ್ಲ. ಗುಹೆಯ ಕಥೆಯನ್ನು ನಮಗೆ ಹೇಳುವವನೇ ಸುಗ್ರೀವ! ವಾಲಿ ಏನಂದ, ಹೇಗೆ ಸಿಟ್ಟಾದ ಎಲ್ಲವೂ ಸುಗ್ರೀವ ರಾಮನಿಗೆ ಹೇಳಿದ ಮಾತು. ವಾಲಿ ತನ್ನ ಬಾಯಲ್ಲೇ ಗುಹೆಯ ಕಥೆ ಹೇಳುವುದನ್ನು ರಾಮ ಕೇಳಿಯೇ ಇಲ್ಲ. ಸುಳ್ಳು ಹೇಳಬೇಕೆಂದಿದ್ದರೆ ಸುಗ್ರೀವನಿಗೆ ಒಳ್ಳೆಯ ಅವಕಾಶ. ಆದರೂ ಅವ ಅಣ್ಣನ ಸಿಟ್ಟಿಗೆ ಏನು ಕಾರಣ ಅನ್ನುವುದನ್ನು ಮುಚ್ಚಿಡಲಿಲ್ಲ. ಒಳಗಿಂದ ಸುಗ್ರೀವಾ, ಸುಗ್ರೀವಾ ಅಂತ ಮತ್ತೆ ಮತ್ತೆ ಕೂಗಿದೆ, ಯಾರೂ ಓಗೊಡಲಿಲ್ಲ, ಕಾಲಿನಿಂದ ಒದ್ದು ಒದ್ದು ಬಂಡೆ ಒಡೆದು ಹೊರಗೆ ಬಂದೆ ಅಂತ ವಾಲಿ ಮಂತ್ರಿಗಳ ಮುಂದೆ ಹೇಳಿದ್ದನ್ನು ಅವನೇ ರಾಮನಿಗೆ ಹೇಳುತ್ತಾನೆ. ನನ್ನ ವಾಲಿಯ ಅತಿ ಒಳ್ಳೆಯ ಸಾಕ್ಷಿ ನಾನು ತಾತ್ಸಾರ ಮಾಡಿದ್ದ ಸುಗ್ರೀವನ ಬಾಯಲ್ಲಿತ್ತು.

ಆ ಮಳೆಗಾಲ ಸುಗ್ರೀವನ ಜೊತೆ ಗುಹೆಯ ಬಾಗಿಲಲ್ಲಿ ಕಳೆದೆ. ರಾತ್ರಿ ಹೊತ್ತು ಮಾಯಾವಿ ಅನ್ನುವ ಅಸುರ ಬಂದು ಯುದ್ಧಕ್ಕೆ ಕರೆದ. ವಾಲಿ ಅವನನ್ನು ಅಟ್ಟಿಕೊಂಡು ಹೋದ. ಗುಹೆಗೆ ನುಗ್ಗುವ ಮೊದಲು ತನ್ನ ಪಾದದ ಆಣೆ ಇಟ್ಟು, ನಾನು ಬರುವವರೆಗೆ ಇಲ್ಲೇ ನಿಲ್ಲು ಅಂದ. ಸುಗ್ರೀವ ಒಂದು ವರ್ಷ ದಾಟುವವರೆಗೂ ನಿಂತ. ಆಮೇಲೆ ಒಳಗಿಂದ ನೊರೆ ನೊರೆ ರಕ್ತ ಬಂತು. ಅಸುರರ ಆರ್ಭಟ ಕೇಳಿತು, ಅಣ್ಣನ ದನಿ ಕೇಳಲಿಲ್ಲ. ಬಂಡೆ ಇಟ್ಟ, ಅಣ್ಣನಿಗೆ ತರ್ಪಣ ಬಿಟ್ಟ, ಊರಿಗೆ ಬಂದ. ಮಂತ್ರಿಗಳು ಸೇರಿ ಪಟ್ಟ ಕಟ್ಟಿದರು. ಆ ಕೂಟದಲ್ಲಿ ಹೊಸ ಹುಡುಗನೊಬ್ಬ ವಾಲಿ. ನಾನು ಹಿಂದಿನ ವರ್ಷ ಹೇಳಿದ ಮಾತನ್ನೇ ಅವನೂ ಹೇಳಿದ, ಐದು ಉಗುರಿನ ಲೆಕ್ಕ ಸಮೇತ. ಪಕ್ಕದಲ್ಲಿ ಕೂತು ಕೇಳುವಾಗ ಅನ್ನಿಸಿತು: ಎಷ್ಟು ಬೊಬ್ಬೆ, ಇವನಿಗೆ ನೋವಾದದ್ದು ಎಲ್ಲಿ?

ಮತ್ತೆ ವಾಲಿ ಸಿಕ್ಕಿದಾಗ ನಾನು ವಾದ ಕಟ್ಟಲು ಹೋಗಲಿಲ್ಲ. ಒಂದು ಇನ್ನೂರು ಪುಟದ ಪುಸ್ತಕ ತೆಗೆದುಕೊಂಡು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ವಾಲಿಗೆ ಗೊತ್ತಿದ್ದದ್ದು, ಬಲಕ್ಕೆ ಗೊತ್ತಿಲ್ಲದ್ದು. ಈಗಲೂ ಯಾವ ಪಾತ್ರ ಸಿಕ್ಕಿದರೂ ನನ್ನ ಮೊದಲ ಕೆಲಸ ಇದೇ. ನಮಗೆ ಇಡೀ ರಾಮಾಯಣ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ನಮಗೆ ಗೊತ್ತಿರುವುದನ್ನು ಅವನ ಬಾಯಲ್ಲಿ ಹಾಕಿದರೆ ಅವ ಪಾತ್ರ ಆಗುವುದಿಲ್ಲ, ಪ್ರವಚನಕಾರ ಆಗುತ್ತಾನೆ.

ಎಡಗಡೆ ಬರೆದದ್ದು: ಗುಹೆಯ ಒಳಗೆ ವೈರಿಯನ್ನು ಕೊಂದೆ. ಬಾಗಿಲಿಗೆ ಬಂದೆ. ಬಾಗಿಲು ಇಲ್ಲ. ತಮ್ಮನ ಹೆಸರು ಕರೆದೆ. ಊರಿಗೆ ಬಂದರೆ ತಮ್ಮ ಸಿಂಹಾಸನದಲ್ಲಿ. ಬಲಗಡೆ: ಹೊರಗೆ ಹರಿದ ರಕ್ತ, ತಮ್ಮ ಕಾದ ದಿನಗಳು, ಬಿಟ್ಟ ತರ್ಪಣ.

ಎಡಗಡೆಯದ್ದನ್ನು ಮಾತ್ರ ಓದಿದರೆ ಕಥೆಗೆ ಒಂದೇ ಅರ್ಥ. ತಮ್ಮ ನನ್ನನ್ನು ಹೂತು ಬಂದ. ಇಲ್ಲಿ ನನಗೆ ಮೊದಲ ಸಲ ವಾಲಿಯ ಮೇಲೆ ಕನಿಕರ ಹುಟ್ಟಿತು. ಅದಕ್ಕಿಂತ ಮೊದಲು ಇದ್ದದ್ದು ಬರೀ ಹೆಮ್ಮೆ. ಆದರೆ ಬಲಗಡೆಯ ಸಾಲುಗಳು ಅಲ್ಲಿ ನಿಲ್ಲಲಿಲ್ಲ. ಸುಗ್ರೀವ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ, ಕಿರೀಟವನ್ನು ಕಾಲಬುಡದಲ್ಲಿ ಇಟ್ಟ. ಹಾಗಾದರೆ ಆಮೇಲೆ ಅವೆಲ್ಲ ಎಡಕ್ಕೆ ಬರಬೇಕಲ್ಲ? ಕೇಳಿದ ಮೇಲೂ ನಂಬಲಿಲ್ಲ. ಉಟ್ಟ ಬಟ್ಟೆಯಲ್ಲಿ ಓಡಿಸಿದ. ಕತ್ತಲೆಯಲ್ಲಿ ಹೆಸರು ಕೂಗಿ ಕೂಗಿ ದನಿ ಹೋದವ ಹಾಗೆ ಮಾಡಿಯಾನು, ಅದನ್ನೂ ಒಪ್ಪಿದೆ. ರುಮೆ? ಬಂಡೆ ಇಟ್ಟವಳು ಅವಳಲ್ಲ. ಪಟ್ಟ ಕಟ್ಟಿಸಿಕೊಂಡವಳೂ ಅಲ್ಲ. ಆ ಹಾಳೆಯಲ್ಲಿ ಅವಳ ಹೆಸರನ್ನು ಎಡಕ್ಕೆ ಬರೆಯಲೋ ಬಲಕ್ಕೆ ಬರೆಯಲೋ ಅಂತ ತಿಳಿಯದೆ ಗೆರೆಯ ಮೇಲೆಯೇ ಬರೆದೆ.

ಕೂಟದ ದಿನ ಅದೇ ಮನೆ, ಅದೇ ಚಾವಡಿ. ಹೊರಗೆ ಮಳೆ ಎಷ್ಟಿತ್ತೆಂದರೆ ಮೈಕು ಇದ್ದೂ ಜನ ಹತ್ತಿರ ಹತ್ತಿರ ಜರುಗಿ ಕೂತಿದ್ದರು. ಐದು ಉಗುರಿನ ಮಾತು ನಾನು ಎತ್ತಲಿಲ್ಲ. ಗುಹೆಯ ಮಾತು ಎತ್ತಿದೆ. ಕಾಲಿನಿಂದ ಬಂಡೆ ಒದೆಯುವಾಗ ಪ್ರತಿ ಒದೆತಕ್ಕೂ ಒಂದೊಂದು ನೆನಪು ಹೇಳಿದೆ: ತಮ್ಮನನ್ನು ಹೆಗಲ ಮೇಲೆ ಹೊತ್ತದ್ದು, ಅವನಿಗೆ ಹಣ್ಣು ಕಿತ್ತು ಕೊಟ್ಟದ್ದು. ಇದು ಯಾವ ಕಾವ್ಯದಲ್ಲೂ ಇದ್ದದ್ದಲ್ಲ, ನಾನೇ ಕಟ್ಟಿದ್ದು. ಕಥೆ ಮುರಿಯದಿದ್ದರೆ ಅರ್ಥಧಾರಿಗೆ ಅಷ್ಟು ಸ್ವಾತಂತ್ರ್ಯ ಉಂಟು.

ಮಾಷ್ಟ್ರ ರಾಮ ಎಲ್ಲ ಕೇಳಿಸಿಕೊಂಡ. ಕೊನೆಗೆ ಮೆಲ್ಲ ಕೇಳಿದ. "ಗುಹೆಯಲ್ಲಿ ನೀನು ಕರೆದಾಗ ಓಗೊಡುವವರು ಯಾರೂ ಇರಲಿಲ್ಲ, ಒಪ್ಪಿದೆ ವಾಲಿ. ನಿನ್ನ ಅರಮನೆಯಲ್ಲಿ ರುಮೆ ಕರೆದಾಗ ಓಗೊಡುವವರು ಯಾರಿದ್ದರು?"

ಅಂಥ ಪ್ರಶ್ನೆಗೆ ಅಂತ ಎರಡು ಮೂರು ಜಾಣ ಉತ್ತರ ನನ್ನ ಪುಸ್ತಕದಲ್ಲಿ ಇದ್ದವು. ಕಪಿಗಳ ರೂಢಿ ಬೇರೆ ಅನ್ನಬಹುದು. ನಾಳೆ ಸುಗ್ರೀವ ನನ್ನ ಹೆಂಡತಿ ತಾರೆಯನ್ನು ಏನು ಮಾಡುತ್ತಾನೆ ನೋಡು ಅಂತ ತಿರುಗಿಸಬಹುದು. ಯಾವುದನ್ನೂ ಹೇಳಲಿಲ್ಲ. ಕಣ್ಣೆತ್ತಿದರೆ ಬಾಗಿಲ ಹತ್ತಿರ ಅಕ್ಕ ನಿಂತಿದ್ದರು. ನಾನು ತಲೆ ತಗ್ಗಿಸಿ, ಕುತ್ತಿಗೆಯಲ್ಲಿ ಇಲ್ಲದ ಚಿನ್ನದ ಹಾರವನ್ನು ಕೈಯಲ್ಲಿ ಮುಟ್ಟಿ ಸುಮ್ನೆ ಕೂತೆ. ಸಾಯುವ ಮೊದಲು ವಾಲಿ ಅದನ್ನು ಸುಗ್ರೀವನಿಗೆ ಕೊಡಬೇಕು. ಮಳೆಯ ಸದ್ದು ಮಾತ್ರ ಇತ್ತು. ತಾಳಮದ್ದಳೆಯಲ್ಲಿ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ. ಭಾಗವತರು ನನ್ನನ್ನು ಒಮ್ಮೆ ನೋಡಿದರು, ಮಾಷ್ಟ್ರನ್ನು ಒಮ್ಮೆ ನೋಡಿದರು, ಗಡಿಬಿಡಿಯಲ್ಲಿ ಮುಂದಿನ ಪದ್ಯ ಎತ್ತಿಯೇ ಬಿಟ್ಟರು.

ಚಾ ಕುಡಿಯುವಾಗ ಅವರು ಹತ್ತಿರ ಬಂದು ಕೂತರು. "ಎಂಥದು ಮಾರಾಯ, ಅಷ್ಟು ಚೆಂದ ಹೋಗ್ತಾ ಇತ್ತು. ಅಲ್ಲಿ ಮಾತು ಮರೆತು ಹೋಯ್ತಾ?"

ಹೌದು ಭಾಗವತ್ರೇ ಅಂದೆ.