ಏರ್ ಫಿಲ್ಟರ್ ಬದಲಿಸುವಾಗ ರಬ್ಬರ್ ಅಂಚಿನ ಮೇಲೆ ಕಣ್ಣಿರಲಿ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಷ್ಟನ್ನೂ ಸೋಸುವುದು ಮಡಿಕೆ ಮಡಿಕೆಯಾದ ಒಂದು ಕಾಗದ. ಅದರಲ್ಲಿ ದೂಳು ಕಟ್ಟಿಕೊಂಡರೆ ಪಿಕಪ್ ಕುಗ್ಗುತ್ತದೆ, ಡೀಸೆಲ್ ಕಾರಾದರೆ ಕಪ್ಪು ಹೊಗೆಯೂ ಬರಬಹುದು. ಅದಕ್ಕಿಂತ ದೊಡ್ಡ ಕೇಡು ಫಿಲ್ಟರಿನ ಅಂಚಿನಿಂದ ನುಸುಳುವ ದೂಳಿನದು. ಅದು ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಗಳನ್ನು ಉಜ್ಜಿ ಸವೆಸುತ್ತದೆ. ಆಮೇಲೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ.

ಬದಲಿಸುವ ಅವಧಿ ಕಾರಿನ ಕೈಪಿಡಿಯಲ್ಲಿರುತ್ತದೆ. ಹಲವು ಕಾರುಗಳಿಗೆ ಅದು 40,000 ಕಿ.ಮೀ. ಸಂಡೂರಿನ ಗಣಿ ದೂಳಿನಲ್ಲೋ ಹೊಲದ ಮಣ್ಣುದಾರಿಯಲ್ಲೋ ದಿನವೂ ಓಡುವ ಗಾಡಿಯಾದರೆ ಅಷ್ಟು ಕಾಯಬೇಡಿ, 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ. ಅಂಗಡಿಯಲ್ಲಿ ಕಾರಿನ ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲೋ ಎಲ್ಲವನ್ನೂ ಹೇಳಿ. ‘ಎಂಜಿನ್ ಫಿಲ್ಟರ್’ ಎಂದೇ ಕೇಳಿ, ಎ.ಸಿ. ಫಿಲ್ಟರ್ ಬೇರೆ.

ಎಂಜಿನ್ ಆರಿಸಿ, ಬಿಸಿ ಇಳಿದ ಮೇಲೆ ಬಾನೆಟ್ ಎತ್ತಿ. ಮೊದಲು ಫಿಲ್ಟರ್ ಡಬ್ಬಿಯ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದರ ಮೇಲಿನ ದೂಳೇ ಒಳಗೆ ಬೀಳುತ್ತದೆ. ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ. ಮುಚ್ಚಳ ಏಳದಿದ್ದರೆ ಜಗ್ಗಬೇಡಿ. ಪೈಪಿನ ಮೇಲೆ ಸೆನ್ಸರ್ ಇದ್ದರೆ ಅದರ ಲಾಕ್ ಒತ್ತಿ ಕನೆಕ್ಟರ್ ಬಿಡಿಸಿ, ಪೈಪಿನ ಕ್ಲಾಂಪ್ ಸಡಿಲಿಸಿ. ಫಿಲ್ಟರಿನ ಯಾವ ಮುಖ ಮೇಲಿತ್ತೆಂದು ಫೋಟೊ ತೆಗೆದುಕೊಂಡು, ಅಲುಗಾಡಿಸದೆ ನೇರವಾಗಿ ಎತ್ತಿ.

ಈಗ ಎಂಜಿನ್ ಕಡೆಯ ಮುಖ ನೋಡಿ. ಅಲ್ಲಿ ಬೆರಳಿಗೆ ದೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಹರಿದಿದೆ. ಹಿಂದಿನಿಂದ ಟಾರ್ಚ್ ಬಿಡಿ: ಮಡಿಕೆಯ ನಡುವೆ ಚುಕ್ಕೆಯಂತೆ ಬೆಳಕು ತೂರಿಬಂದರೆ ಅದು ತೂತು. ನೆನೆದದ್ದು, ಎಣ್ಣೆ ಹಿಡಿದದ್ದು, ಇಲಿ ಕಡಿದದ್ದು ಯಾವುದನ್ನೂ ಮತ್ತೆ ಹಾಕಬಾರದು.

ಒಣ ಕಾಗದದ ಫಿಲ್ಟರ್ ಇನ್ನೂ ಚೆನ್ನಾಗಿದ್ದರೆ ಮೆಲ್ಲಗೆ ತಟ್ಟಿ, ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಒತ್ತಡ 30 ಪಿಎಸ್‌ಐ ದಾಟದಿರಲಿ, ನಳಿಕೆ ಅರ್ಧ ಅಡಿ ದೂರವಿರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ನೇರವಾಗಿ ಬಿಟ್ಟರೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಕಾಗದ ಹರಿಯಬಹುದು. ನೀರು, ಸೀಮೆಎಣ್ಣೆಯಲ್ಲಿ ತೊಳೆಯಲೇಬೇಡಿ. ಎಣ್ಣೆ ಹೀರಿಸಿದ ಕಾಗದದ ಫಿಲ್ಟರುಗಳೂ ಕಂಪನಿಯಿಂದಲೇ ಬರುತ್ತವೆ. ಅವಕ್ಕೆ ಗಾಳಿ ಹೊಡೆಯುವಂತಿಲ್ಲ, ಬದಲಿಸುವುದೇ.

ಡಬ್ಬಿಯ ತಳದ ಮಣ್ಣು, ಎಲೆಗಳನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಅಲ್ಲಿಗೆ ಗಾಳಿ ಹೊಡೆದರೆ ಕಸ ಎಂಜಿನ್ ಪೈಪಿಗೆ ಹಾರೀತು.

ಹೊಸ ಫಿಲ್ಟರಿನ ರಬ್ಬರ್ ಅಂಚನ್ನು ಡಬ್ಬಿಯ ತೋಡಿನೊಳಗೆ ಕೂರಿಸಿ, ಸುತ್ತಲೂ ಬೆರಳಾಡಿಸಿ. ಎಲ್ಲೂ ಮಡಚಿರಬಾರದು, ಉಬ್ಬಿರಬಾರದು. ಮುಚ್ಚಳದ ಹಿಂದಿನ ನಾಲಿಗೆಗಳನ್ನು ಮೊದಲು ಸಿಕ್ಕಿಸಿ, ಆಮೇಲೆ ಕ್ಲಿಪ್ ಹಾಕಿ. ಕ್ಲಿಪ್ ಹಾಕಲು ಬಲ ಬೇಕಾಯಿತೆಂದರೆ ಒಳಗೆ ಅಂಚು ಓರೆಯಾಗಿದೆ. ಬಿಚ್ಚಿ ಮತ್ತೆ ಕೂರಿಸಿ. ಕನೆಕ್ಟರ್, ಕ್ಲಾಂಪ್ ಮರೆಯದೆ ಹಾಕಿ ಎಂಜಿನ್ ಚಾಲೂ ಮಾಡಿ. ಡಬ್ಬಿಯ ಬಳಿ ಹೊಸದಾಗಿ ಸುಯ್ ಎಂಬ ಸದ್ದು ಬಂದರೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಆರದಿದ್ದರೆ ಅಲ್ಲೇ ನಿಲ್ಲಿಸಿ, ಪೈಪು ಮತ್ತು ಕನೆಕ್ಟರ್ ಇನ್ನೊಮ್ಮೆ ನೋಡಿ.