ಮಂಜಿನಲ್ಲಿ ಚಾರಣದ ಫೋಟೊ: ಬರೀ ಬಿಳಿ ಬರದ ಹಾಗೆ

‘ಮಂಜು ಮುಸುಕಿತು, ಕ್ಯಾಮೆರಾ ಒಳಗಿಡು, ಬರೀ ಬಿಳಿ ಬರುತ್ತೆ’ ಅನ್ನೋರು ಪ್ರತಿ ಗುಂಪಿನಲ್ಲೂ ಇಬ್ಬರಾದರೂ ಇರ್ತಾರೆ. ಕೊಡಚಾದ್ರಿಯಲ್ಲಿ ಮೂರು ವರ್ಷ ನನಗೂ ಬಿಳಿಯೇ ಬಂತು. ನಾಲ್ಕನೇ ವರ್ಷ, ಸೆಪ್ಟೆಂಬರ್ ಕೊನೆಗೆ ಹತ್ತು–ಹನ್ನೆರಡು ಫೋಟೊ ದೊಡ್ಡ ಪ್ರಿಂಟಿಗೆ ನಿಂತವು. ಆ ಇಬ್ಬರೂ ಒಂದೊಂದು ಕೇಳಿ ಇಸ್ಕೊಂಡ್ರು.

ತಪ್ಪಿದ್ದದ್ದು ಲೆನ್ಸಿನಲ್ಲಿ. ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸನ್ನ 18 ಎಂಎಂಗಿಟ್ಟು, ಅಂದರೆ ಅಗಲ ನೋಟದಲ್ಲಿ, ಇಡೀ ಬೆಟ್ಟ ಹಿಡಿಯಹೋದರೆ ಮಂಜು ಬಿಟ್ಟು ಬೇರೇನೂ ಸಿಗಲ್ಲ. ಈಗ ಏಳೋ ಎಂಟೋ ಸಾವಿರಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್ 55–250 ಎಂಎಂ ಜೂಮ್ ಲೆನ್ಸ್, ಅದೂ 70ರಿಂದ 100ರ ಒಳಗೆ. ಬೆಟ್ಟದ ತುದಿಯ ಸರ್ವಜ್ಞ ಪೀಠದ ದಾರಿಯ ಹುಲ್ಲಿನ ಏಣಿನಲ್ಲಿ ಮುಂದೆ ನಡೆಯೋರು ಇಪ್ಪತ್ತು–ಮೂವತ್ತು ಹೆಜ್ಜೆ ದೂರ ಇರಬೇಕು. ಹತ್ತಿರವಾದರೆ ಮಂಜು ಕಾಣಲ್ಲ, ಐವತ್ತು ದಾಟಿದರೆ ಮನುಷ್ಯ ಕಾಣಲ್ಲ. ಕೆಂಪು, ಹಳದಿ ರೇನ್‌ಕೋಟಿನವರನ್ನ ಮುಂದೆ ಬಿಡಿ. ಬೂದು ಬಣ್ಣ ಕರಗಿಹೋಗುತ್ತೆ.

ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿಯನ್ನ ಬೂದು ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಳಕು ಹೆಚ್ಚುಕಡಿಮೆ ಮಾಡೋ ಎಕ್ಸ್‌ಪೋಷರ್ ಕಾಂಪನ್ಸೇಶನ್ ಸೊನ್ನೆಯಲ್ಲೇ ಇಟ್ಟು ಹೊಡೀತಾರೆ. ಬಯಲಲ್ಲಿ +1, ಮಂಜು ದಟ್ಟ ಇದ್ದರೆ +1.3. ಹುಲ್ಲುಗಾವಲಿನ ನಡುವಿನ ದಟ್ಟ ಶೋಲಾ ಕಾಡಿಗೆ ಕಾಲಿಟ್ಟ ಕೂಡಲೇ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಒದ್ದೆ ಎಲೆಯ ಹೊಳಪೆಲ್ಲ ಸುಟ್ಟುಹೋಗುತ್ತೆ. ಅಪರ್ಚರ್ ಎಫ್ 5.6, ಶಟರ್ 1/250 ಸೆಕೆಂಡ್, ಐಎಸ್‌ಒ 400–800. ಆಟೊಫೋಕಸ್ ಹಿಂದೆಮುಂದೆ ಓಡಾಡ್ತಿದ್ದರೆ ಒಂದೇ ಫೋಕಸ್ ಪಾಯಿಂಟಿಟ್ಟು ಮುಂದಿನವರ ಬ್ಯಾಗಿನ ಪಟ್ಟಿಯ ಅಂಚಿಗೆ ಹಿಡೀರಿ, ಕಚ್ಚುತ್ತೆ. ಗಾಳಿಗೆ ಮಂಜು ಸರಿಯೋದು ಇಪ್ಪತ್ತು–ಮೂವತ್ತು ಸೆಕೆಂಡು ಅಷ್ಟೇ. ಆಗ ಸೆಟ್ಟಿಂಗ್ ಹುಡುಕ್ತಾ ಕೂತರೆ ಮುಗೀತು.

ದುಡ್ಡು ಹೋಗಿದ್ದು ಮಳೆಗಲ್ಲ, ಆವಿಗೆ. ರಾತ್ರಿಯಿಡೀ ಎಸಿ ಬಸ್ಸಲ್ಲಿ ತಣ್ಣಗಾದ ಕ್ಯಾಮೆರಾ ಇಳಿದ ಕೂಡಲೇ ತೆಗೆದರೆ ಗಾಜಿನ ತುಂಬ ಹನಿ. ಜಿಪ್ ಕವರಿನಲ್ಲಿ ಮುಚ್ಚಿ ಅರ್ಧ ಗಂಟೆ ಬಿಡಬೇಕು. ರೇನ್‌ಕೋಟಿನೊಳಗೆ ಎದೆಗೆ ನೇತುಹಾಕೋದು ಇನ್ನೂ ಕೆಟ್ಟದು, ಬೆವರಿನ ಆವಿ ನೇರ ಲೆನ್ಸಿಗೆ. ಆ ತೇವಕ್ಕೆ ಕಿಟ್ ಲೆನ್ಸಿಗೆ ಫಂಗಸ್ ಹಿಡಿದು ಕ್ಲೀನಿಂಗಿಗೇ ಸುಮಾರು ಎರಡೂವರೆ ಸಾವಿರ ಆಯ್ತು. ಸಾವಿರದ ಇನ್ನೂರರ ರೇನ್ ಕವರಿನೊಳಗೂ ಇದೇ ಪಾಡು. ಈಗ ಹೋಟೆಲಿನ ಶವರ್ ಕ್ಯಾಪ್ ಮೇಲಿಂದ ಹೊದಿಸಿ ತಳ ತೆರೆದಿಡೋದು. ಬಿಟ್ಟಿ, ಗಾಳಿಯೂ ಆಡುತ್ತೆ.

ಮನೆಯಲ್ಲಿ ಲೆನ್ಸಿನ ಡಬ್ಬಿಗೆ ಅಕ್ಕಿ ಹಾಕಿಯೂ ನೋಡಿದ್ದಾಯ್ತು. ಹಿಟ್ಟಿನ ಧೂಳು ಜೂಮ್ ರಿಂಗಿಗೆ ಸೇರಿ ಕರಕರ ಅನ್ನೋಕೆ ಶುರುವಾಯ್ತು. ರಬ್ಬರ್ ಅಂಚಿನ ಬಿಗಿ ಡಬ್ಬಿ, ಕಾಲು ಕೆಜಿ ಸಿಲಿಕಾ ಜೆಲ್, ಮುನ್ನೂರು ರೂಪಾಯಿಯ ತೇವಾಂಶದ ಮೀಟರ್ ಸಾಕು. ಮುಳ್ಳು ಶೇ 40–50ರಲ್ಲಿರಲಿ, 60 ದಾಟಿದರೆ ಜೆಲ್ಲನ್ನ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆಯ ಬಾಣಲೆ ಮುಟ್ಟಬೇಡಿ.

ಅದೇ ಬೆಟ್ಟದ ಹಿಡ್ಲುಮನೆ ಜಲಪಾತದಲ್ಲಿ ಟ್ರೈಪಾಡಿನ ಬದಲು ಊರುಗೋಲಿಗೆ ಒತ್ತಿ ಅರ್ಧ ಸೆಕೆಂಡ್ ತೆಗೆದದ್ದೆಲ್ಲ ಅಲುಗಿತ್ತು. ಬಂಡೆ ಮೇಲೆ ಬ್ಯಾಗಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ, 1/4 ಸೆಕೆಂಡಿಗೆ ಇಳಿಸಿದ ಮೇಲೆ ನಿಂತವು. ಎರಡು ಫ್ರೇಮಿಗೊಮ್ಮೆ ಫಿಲ್ಟರ್ ಒರೆಸಿ, ಹಾಗೇ ಕಾಲೂ ನೋಡ್ಕೊಳ್ಳಿ: ಮಂಡಿಯೂರಿ ಕೂತವರೇ ರಕ್ತ ಹೀರೋ ಉಂಬಳಕ್ಕೆ ಮೊದಲ ಊಟ.

ಎಡಿಟಿಂಗಲ್ಲಿ ಮಂಜು ತಿಳಿಯಾಗಿಸೋ ಡಿಹೇಜ್ ಸ್ಲೈಡರನ್ನ 15 ದಾಟಿಸಬೇಡಿ, ಬಿಳಿಯಲ್ಲಿ ಕಲೆ ಏಳುತ್ತೆ. ಹಸಿರಿಗೆ ನಾನು ಮಾಡೋದು ಬೇರೇನೋ ಇದೆ. ಅದನ್ನೂ, ಏಣಿನಲ್ಲಿ ನಾನು ಕೂರೋ ಜಾಗವನ್ನೂ ಸದ್ಯಕ್ಕೆ ಹೇಳಲ್ಲ.